ಗಾಜಿನ ಮೇಲೆ ವಿಡಿಯೋನೂ ಓಡಬೇಕು, ಒಳಗಿನ ಅಂಗಡಿಯೂ ಕಾಣಬೇಕು. ಇದು ಹೇಗೆ ಸಾಧ್ಯ?

ತುಮಕೂರಿನ ಎಂ.ಜಿ. ರಸ್ತೆಯ ನಿಮ್ಮ ಸೀರೆ ಅಂಗಡಿಯ ಮುಂಗಾಜಿಗೆ ಇಂಥ ಪಾರದರ್ಶಕ ಎಲ್‌ಇಡಿ ಸ್ಕ್ರೀನ್ ಹಾಕಿಸಬಹುದಾ ಅಂತ ಕೇಳಿದ್ದೀರಿ. ಖಂಡಿತ ಹಾಕಿಸಬಹುದು. ಗಾಜು ಬದಲಿಸಬೇಕಿಲ್ಲ, ಸ್ಕ್ರೀನನ್ನು ಅದರ ಒಳಬದಿಗೆ ನಿಲ್ಲಿಸುತ್ತಾರೆ.

ಹತ್ತಿರದಿಂದ ನೋಡಿದರೆ ಅದು ಕಿಟಕಿ ಸರಳುಗಳ ಹಾಗೆ ಸಾಲಾಗಿ ಜೋಡಿಸಿದ ತೆಳ್ಳನೆ ಪಟ್ಟಿಗಳು, ಅಷ್ಟೇ. ಪಟ್ಟಿಯ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಪುಟ್ಟ ಎಲ್‌ಇಡಿಗಳು. ನಡುವೆ ಖಾಲಿ ಜಾಗ. ರಸ್ತೆಯ ಆ ಬದಿಗೆ ಹೋಗಿ ನಿಂತರೆ ಪಟ್ಟಿ ಮರೆಯಾಗಿ ಚಿತ್ರ ಮಾತ್ರ ಉಳಿಯುತ್ತದೆ. ನನಗೆ ತುಂಬಾ ಇಷ್ಟವಾದದ್ದು ಇದರ ಕಪ್ಪು ಬಣ್ಣ. ಕಪ್ಪು ಅಂದರೆ ಅಲ್ಲಿ ಎಲ್‌ಇಡಿ ಆರಿದೆ ಅಂತ ಅಲ್ವಾ? ಆ ಜಾಗದಲ್ಲಿ ಹಿಂದಿನ ಸೀರೆಯೇ ಕಾಣುತ್ತದೆ! ಹಾಗಾಗಿ ವಿಡಿಯೋದ ಹಿನ್ನೆಲೆ ಕಪ್ಪಾಗಿರಲಿ. ಬಿಳಿ ಹಾಕಿದರೆ ಬೆಳಕಿನ ಪರದೆ ಎಳೆದ ಹಾಗೆ, ಒಳಗಿನದು ಕಾಣುವುದೇ ಇಲ್ಲ.

ಜಾಸ್ತಿ ಬಳಕೆಯಲ್ಲಿರುವ ಒಂದು ಮಾದರಿಯಲ್ಲಿ ಎಲ್‌ಇಡಿಗಳ ಅಂತರ ಒಂದು ದಿಕ್ಕಿಗೆ 3.9, ಇನ್ನೊಂದಕ್ಕೆ 7.8 ಮಿ.ಮೀ. ಚುಕ್ಕಿಗಳು ಇಷ್ಟು ದೂರ ಇರುವುದರಿಂದ ಇದರಲ್ಲಿ ಸಣ್ಣ ಅಕ್ಷರ ಸುಮ್ನೆ ದಂಡ. ದೊಡ್ಡ ಚಿತ್ರ ಹಾಕಿ. ಗಾಜಿಗೆ ನೇರ ಬಿಸಿಲು ಬೀಳುತ್ತದೆಯೇ? ಹಾಗಿದ್ದರೆ 4000 ನಿಟ್ಸ್‌ಗಿಂತ ಕಡಿಮೆ ಬೆಳಕಿನದು ತಗೊಳ್ಳಬೇಡಿ (ನಿಟ್ಸ್ ಅಂದರೆ ಸ್ಕ್ರೀನಿನ ಬೆಳಕು ಅಳೆಯುವ ಮಾನ). ಕತ್ತಲಾದ ಮೇಲೆ ಬೆಳಕು ಇಳಿಸಿ, ಗಾಡಿ ಓಡಿಸುವವರ ಕಣ್ಣಿಗೆ ಹೊಡೆಯಬಾರದು.