ಟ್ರಯಲ್ಸ್ ಅಬ್ಸರ್ವರ್ ಕಣ್ಣು ಎಲ್ಲಿರಬೇಕು?

ಪ್ರಶ್ನೆ: ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿದ್ದೇನೆ. ಇಲ್ಲಿನ ಕ್ಲಬ್ಬಿನವರು ತಮ್ಮ ಮೋಟಾರ್‌ಸೈಕಲ್ ಟ್ರಯಲ್ಸ್‌ಗೆ (ಕಷ್ಟದ ನೆಲದಲ್ಲಿ ಕಾಲೂರದೆ ಬೈಕು ಓಡಿಸುವ ಸ್ಪರ್ಧೆ) ಅಬ್ಸರ್ವರ್ ಆಗಿ, ಅಂದರೆ ಅಂಕ ಹಾಕುವವರಾಗಿ ಬರುವಂತೆ ಕರೆದಿದ್ದಾರೆ. ಸೆಕ್ಷನ್ (ಟೇಪು, ಗುರುತುಗಳಿಂದ ಗೆರೆ ಹಾಕಿದ ಕಷ್ಟದ ದಾರಿಯ ತುಣುಕು) ಒಳಗೆ ನಿಲ್ಲದೆ ಸಾಗಬೇಕೆಂಬ ನಿಯಮವಂತೆ. ಬೈಕು ನಿಂತಿತೋ ಇಲ್ಲವೋ ಎಂದು ತೀರ್ಮಾನಿಸುವುದು ಹೇಗೆ?

ಉತ್ತರ: ಟ್ರಯಲ್ಸ್‌ನಲ್ಲಿ ಅಂಕ ಎಂದರೆ ದಂಡ. ಕಾಲೂರದೆ ದಾಟಿದರೆ 0, ಅದೇ ಕ್ಲೀನ್. ಒಮ್ಮೆ ಕಾಲೂರಿದರೆ 1, ಎರಡು ಸಲಕ್ಕೆ 2, ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ಊರಿದರೂ 3. ಸೆಕ್ಷನ್ ದಾಟಲಾಗದಿದ್ದರೆ 5. ನಿಮ್ಮ ನಿಯಮದಲ್ಲಿ ಮುಂದಕ್ಕೆ ಸಾಗುವುದು ನಿಂತರೂ 5. ಜಗಳ ಹುಟ್ಟುವುದು ಹೆಚ್ಚಾಗಿ ಇಲ್ಲಿಯೇ.

ರೈಡರ್‌ನ ಮೈ ನೋಡಬೇಡಿ. ಬೈಕು ನಿಂತಿದ್ದರೂ ಆತ ಮುಂದಕ್ಕೆ ಬಾಗುತ್ತಾನೆ, ಮೊಣಕಾಲು ಮಡಚಿ ಎತ್ತುತ್ತಾನೆ. ದೂರಕ್ಕೆ ಬೈಕು ಸಾಗುತ್ತಿರುವಂತೆಯೇ ಕಾಣುತ್ತದೆ. ಹಿಂದಿನ ಚಕ್ರವನ್ನೂ ನಂಬಬೇಡಿ. ಕೆಸರಲ್ಲಿ, ಪಾಚಿಗಟ್ಟಿದ ಬಂಡೆಯ ಮೇಲೆ ಅದು ನಿಂತಲ್ಲೇ ಗಿರಗಿರ ತಿರುಗುತ್ತದೆ. ಮುಂದಿನ ಚಕ್ರದ ಅಚ್ಚಿನ (ಆಕ್ಸಲ್) ಮೇಲೆ ಕಣ್ಣಿಟ್ಟು, ಅದರ ಹಿಂದೆ ಕಾಣುವ ಒಂದು ಕಲ್ಲನ್ನೋ ಬೇರನ್ನೋ ಗುರುತು ಮಾಡಿಕೊಳ್ಳಿ. ಅಚ್ಚು ಗುರುತಿನಿಂದ ಮುಂದೆ ಸರಿಯುತ್ತಿದ್ದರೆ, ಎಷ್ಟೇ ನಿಧಾನವಾದರೂ ಅದು ಚಲನೆಯೇ. ಸಂಶಯವಿದ್ದರೆ ಲಾಭ ರೈಡರ್‌ಗೆ ಸೇರಲಿ. ಖಚಿತವಾಗಿ ನಿಂತಿದ್ದು ಕಂಡರೆ ಮುಲಾಜಿಲ್ಲದೆ 5 ಕೊಡಿ.

ಮೊದಲ ರೈಡರ್‌ಗಳಿಗೆ ಸಡಿಲ ಬಿಟ್ಟು, ಮಧ್ಯಾಹ್ನದ ಮೇಲೆ ಬಿಗಿಯಾಗುವುದು ಹೊಸಬರು ಮಾಡುವ ದೊಡ್ಡ ಅನ್ಯಾಯ. ಟೈರುಗಳು ಉಜ್ಜಿ ಉಜ್ಜಿ ನೆಲದ ಹಿಡಿತ ಬದಲಾಗುವುದನ್ನು ನೀವು ತಡೆಯಲಾರಿರಿ, ಆದರೆ ನಿಮ್ಮ ಅಳತೆ ಸಂಜೆಯವರೆಗೂ ಒಂದೇ ಆಗಿರಬೇಕು. ಕಳಚಿದ ಟೇಪು, ಬಿದ್ದ ಗುರುತುಗಳನ್ನು ಮಾತ್ರ ಮುಂದಿನ ರೈಡರ್ ಬರುವ ಮೊದಲೇ ಇದ್ದ ಜಾಗಕ್ಕೆ ತಂದು ನಿಲ್ಲಿಸಿ.

ಪ್ರಶ್ನೆ: ಎರಡು ಸಲ ಕಾಲೂರಿ ಆಮೇಲೆ ಗೆರೆ ದಾಟಿ ಹೊರಗೆ ಹೋದರೆ 2 ಮತ್ತು 5 ಸೇರಿ 7 ಆಗುತ್ತದೆಯೇ?

ಉತ್ತರ: ಇಲ್ಲ, 5 ಅಷ್ಟೇ. ಸೆಕ್ಷನ್ ವಿಫಲವಾದರೆ ಮೊದಲು ಊರಿದ ಕಾಲು ಲೆಕ್ಕಕ್ಕಿಲ್ಲ. ಮೂರನೇ ಕಾಲು ಬಿದ್ದ ಕೂಡಲೇ ರೈಡರ್‌ನ ಅಂಕದ ಕಾರ್ಡ್ ಪಂಚ್ ಮಾಡಲು ತಲೆ ತಗ್ಗಿಸಬೇಡಿ. ಕಾಲೂರುತ್ತಲೇ ಹೇಗಾದರೂ ಹೊರಬಿದ್ದರೆ 3ಕ್ಕೇ ಮುಗಿಯುತ್ತದೆಂದು ರೈಡರ್‌ಗೆ ಗೊತ್ತು. ಆ ಹೊತ್ತಿನಲ್ಲೇ ಬೈಕು ನಿಲ್ಲುವುದು, ಗುರುತು ಬೀಳುವುದು ಹೆಚ್ಚು. ಮುಂದಿನ ಚಕ್ರದ ಅಚ್ಚು ಕೊನೆಯ ಗುರುತನ್ನು ದಾಟುವವರೆಗೂ ಸೆಕ್ಷನ್ ಮುಗಿದಿಲ್ಲ.

ಪ್ರಶ್ನೆ: ಬೈಕಿನ ಆಚೆ ಬದಿಯ ಕಾಲು ಕಾಣುವುದಿಲ್ಲ. ಅಲ್ಲಿ ನಿಂತವರು "ಊರಿದ, ಊರಿದ" ಎಂದು ಕೂಗುತ್ತಾರೆ. ಏನು ಮಾಡಲಿ?

ಉತ್ತರ: ಕಾಣದ್ದಕ್ಕೆ ಅಂಕ ಹಾಕಬೇಡಿ. ನೋಡುಗರ ಮಾತು, ಅವರ ಮೊಬೈಲಿನ ವಿಡಿಯೊ ನಿಮ್ಮ ಕಣ್ಣಿಗೆ ಬದಲಿಯಲ್ಲ. ಬೆಳಿಗ್ಗೆಯೇ ಸೆಕ್ಷನ್ನನ್ನು ಕಾಲ್ನಡಿಗೆಯಲ್ಲಿ ದಾಟಿ, ಅತಿ ಕಷ್ಟದ ತಿರುವಿನಲ್ಲಿ ಎರಡೂ ಕಾಲು ಕಾಣುವ ಜಾಗ ಹುಡುಕಿ. ಅಂಥದ್ದು ಸಿಗದಿದ್ದರೆ ಎದುರು ಬದಿಗೆ ಇನ್ನೊಬ್ಬ ಅಬ್ಸರ್ವರನ್ನು ಕೇಳಿ ಪಡೆಯಿರಿ. ಇಬ್ಬರೂ ಎಣಿಸಿ, ಅಂಕ ಹೇಳುವ ಮೊದಲು ಒಮ್ಮೆ ಕೇಳಿಕೊಳ್ಳಿ. ಊರಿದ ಕಾಲನ್ನು ಎತ್ತದೆ ಎಳೆದುಕೊಂಡು ಹೋದರೆ ಎಷ್ಟು ಎಂಬುದನ್ನು ಸ್ಪರ್ಧೆ ಶುರುವಾಗುವ ಮೊದಲೇ ಸಂಘಟಕರಿಂದ ತಿಳಿದುಕೊಳ್ಳಿ, ಎಲ್ಲ ಸೆಕ್ಷನ್ನಿನವರೂ ಒಂದೇ ರೀತಿ ಎಣಿಸಬೇಕಲ್ಲ.

ಪ್ರಶ್ನೆ: ಇಬ್ಬರ ಮೊತ್ತವೂ ಸಮವಾದರೆ ಗೆದ್ದವರು ಯಾರು?

ಉತ್ತರ: ಸಾಮಾನ್ಯವಾಗಿ ಕ್ಲೀನ್ ಹೆಚ್ಚಿದ್ದವರು. 30 ಸೆಕ್ಷನ್‌ಗಳಲ್ಲಿ ಒಬ್ಬರು 22 ಕ್ಲೀನ್, ಮೂರು 1, ಐದು 3 ಪಡೆದರೆ ಮೊತ್ತ 18. ಇನ್ನೊಬ್ಬರು 20 ಕ್ಲೀನ್, ಐದು 1, ನಾಲ್ಕು 2, ಒಂದು 5 ಪಡೆದರೂ 18. ಮೊದಲಿನವರೇ ಮುಂದೆ. ಕ್ಲೀನ್ ಕೂಡ ಸಮವಾದರೆ 1ರ ಸಂಖ್ಯೆ, ಆಮೇಲೆ 2, 3.

ನಿಮ್ಮ ಯಾರ್ಕ್‌ಷೈರ್‌ನಲ್ಲೇ 1914ರಲ್ಲಿ ಶುರುವಾದ ಸ್ಕಾಟ್ ಟ್ರಯಲ್‌ನ ಲೆಕ್ಕ ಬೇರೆ. ಅಲ್ಲಿ ಸಮಯಕ್ಕೂ ದಂಡವಿದೆ: ಅತಿ ವೇಗದ ರೈಡರ್‌ನ ಸಮಯವೇ ಮಾನ, ಅದಕ್ಕಿಂತ ತಡವಾದ ಪ್ರತಿ ನಿಮಿಷಕ್ಕೆ 1 ಅಂಕ. ಸೆಕ್ಷನ್‌ಗಳಲ್ಲಿ 10 ಅಂಕ ಕಡಿಮೆ ಕಳೆದುಕೊಂಡವರೂ 12 ನಿಮಿಷ ತಡವಾಗಿ ಬಂದರೆ 2 ಅಂಕದಿಂದ ಹಿಂದೆ ಬೀಳುತ್ತಾರೆ.