ಕೆಇಬಿ (ಕರ್ನಾಟಕ ವಿದ್ಯುತ್ ಮಂಡಳಿ) ಒಡೆದು ಕಂಪನಿ ಮಾಡಿದರೂ ನಷ್ಟ ಯಾಕೆ ತಪ್ಪಿಲ್ಲ? ಖಾಸಗಿಗೆ ಕೊಟ್ಟರೆ ಸರಿಹೋಗುತ್ತದಾ?

ಖಾಸಗಿಗೆ ಕೊಟ್ಟ ಮಾತ್ರಕ್ಕೆ ಸರಿಹೋಗುವುದಿಲ್ಲ ಅಂತ ನನ್ನ ಅನಿಸಿಕೆ.

1999ರಲ್ಲಿ ಕೆಇಬಿ ಹೋಗಿ ಕೆಪಿಟಿಸಿಎಲ್ ಅನ್ನುವ ಸರ್ಕಾರಿ ಕಂಪನಿ ಬಂತು. ದರ ನಿಗದಿಗೆ ಕೆಇಆರ್‌ಸಿ (ವಿದ್ಯುತ್ ನಿಯಂತ್ರಣ ಆಯೋಗ) ಬಂದದ್ದೂ ಅದೇ ವರ್ಷ. 2002ರಲ್ಲಿ ವಿತರಣೆ ಬೇರೆಯಾಗಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಆದವು, ಮೈಸೂರಿನ ಸೆಸ್ಕ್ ಆಮೇಲಿನದು. ಇದರಿಂದ ಯಾವ ಕಂಪನಿಯ ನಷ್ಟ ಎಷ್ಟು ಅಂತ ಕಾಣುವ ಹಾಗಾಯಿತು. ಸಣ್ಣ ಲಾಭವೇನಲ್ಲ. ಆದರೆ ಗಂಟು ಬಿದ್ದಿರುವುದು ಪಂಪ್‌ಸೆಟ್ಟಿನ ಹತ್ತಿರ, ಅದನ್ನು ಯಾರೂ ಮುಟ್ಟಲಿಲ್ಲ.

10 ಎಚ್‌ಪಿವರೆಗಿನ ಐಪಿ ಸೆಟ್‌ಗೆ (ನೀರಾವರಿ ಪಂಪ್‌ಸೆಟ್ಟಿಗೆ) ಕರೆಂಟು ಉಚಿತ. ಉಚಿತ ಕೊಡಬಾರದು ಅಂತ ನಾನು ಹೇಳುತ್ತಿಲ್ಲ. ತೊಂದರೆ ಇರುವುದು ಹೆಚ್ಚಿನವಕ್ಕೆ ಮೀಟರೇ ಇಲ್ಲ ಅನ್ನುವುದರಲ್ಲಿ. ಮೀಟರಿಲ್ಲದೆ ಕರೆಂಟು ಕೊಡಬಾರದು ಅಂತ 2003ರ ವಿದ್ಯುತ್ ಕಾಯ್ದೆಯೇ ಹೇಳುತ್ತದೆ! ಮೀಟರ್ ಇಲ್ಲದ್ದರಿಂದ ಬಳಕೆಯೆಲ್ಲ ಅಂದಾಜು. ಹುಕ್ ಹಾಕಿ ಕದ್ದದ್ದು, ಹಳೇ ತಂತಿಯಲ್ಲಿ ಸೋರಿದ್ದು, ಎಲ್ಲವನ್ನೂ ಸುಮ್ನೆ ರೈತನ ಲೆಕ್ಕಕ್ಕೆ ಬರೆದರೂ ಗೊತ್ತಾಗುವುದಿಲ್ಲ.

ನಮ್ಮ ಕಡೆ ತ್ರೀಫೇಸ್ ಬಂದ ಕೂಡಲೇ ಆಟೋ ಸ್ಟಾರ್ಟರ್ ಹಾಕಿದ ಮೋಟರುಗಳೆಲ್ಲ ಒಟ್ಟಿಗೆ ಶುರುವಾಗುತ್ತವೆ. ಟಿಸಿ (ಟ್ರಾನ್ಸ್‌ಫಾರ್ಮರ್) ತಡೆಯುವುದು ಒಂದಿಷ್ಟು, ಬೀಳುವ ಲೋಡು ಅದಕ್ಕಿಂತ ಜಾಸ್ತಿ. ಸುಟ್ಟರೆ ರೈತರೇ ಚಂದಾ ಎತ್ತಿ, ಟ್ರಾಕ್ಟರಿಗೆ ಹೇರಿಕೊಂಡು ರಿಪೇರಿಗೆ ಒಯ್ಯುತ್ತಾರೆ. ಜತೆಗೆ ಮೋಟರ್ ರೀವೈಂಡಿಂಗ್ ಖರ್ಚು ಬೇರೆ. ಪುಕ್ಕಟೆ ಕರೆಂಟಿಗೆ ರೈತ ತೆರುವ ಈ ದುಡ್ಡು ಯಾವ ಲೆಕ್ಕದಲ್ಲೂ ಬರುವುದಿಲ್ಲ.

ಇನ್ನೊಂದು ಸಬ್ಸಿಡಿ. ಸರ್ಕಾರ ಯಾರಿಗಾದರೂ ಕಡಿಮೆ ದರಕ್ಕೆ ಕೊಡಿ ಅಂದರೆ ಆ ದುಡ್ಡನ್ನು ಕಂಪನಿಗೆ ಮುಂಗಡವಾಗಿ ಕೊಡಬೇಕು. ಕಾಯ್ದೆಯ 65ನೇ ಸೆಕ್ಷನ್ ಇದು. ತಡವಾದರೆ ಕಂಪನಿ ಸಾಲ ಮಾಡುತ್ತದೆ, ಬಡ್ಡಿ ಕೊನೆಗೆ ನಮ್ಮ ಬಿಲ್ಲಿಗೇ ಬರುತ್ತದೆ. ಪಂಚಾಯಿತಿಗಳ ಬೀದಿದೀಪ, ಕುಡಿಯುವ ನೀರಿನ ಬಾಕಿಯೂ ಇದಕ್ಕೆ ಸೇರುತ್ತದೆ.

ಖಾಸಗಿ ಅಂದ ಕೂಡಲೇ ಎಲ್ಲರೂ ದೆಹಲಿ ಹೆಸರು ಹೇಳುತ್ತಾರೆ. 2002ರಲ್ಲಿ ಅಲ್ಲಿ ಸೋರಿಕೆ, ಕಳ್ಳತನ, ವಸೂಲಾಗದ ಬಿಲ್ಲು ಎಲ್ಲ ಸೇರಿ ನಷ್ಟ ಶೇ. 50ರ ಆಸುಪಾಸಿನಲ್ಲಿತ್ತು, ಈಗ ಶೇ. 10ಕ್ಕಿಂತ ಕಡಿಮೆ. ನಿಜ. ಆದರೆ ದೆಹಲಿಯಲ್ಲಿ ಬೋರ್‌ವೆಲ್ ಪಂಪು ಎಷ್ಟಿರುತ್ತವೆ ಹೇಳಿ? ಒಡಿಶಾವನ್ನೂ ನೋಡಬೇಕಲ್ವಾ? ಇಡೀ ದೇಶಕ್ಕೆ ಮೊದಲು ಬೋರ್ಡು ಒಡೆದದ್ದು ಅವರೇ. 1999ರಲ್ಲಿ ವಿತರಣೆಯನ್ನು ಖಾಸಗಿಗೆ ಕೊಟ್ಟರು. ಅದೇ ವರ್ಷ ಅಕ್ಟೋಬರಿನ ಚಂಡಮಾರುತಕ್ಕೆ ಕಂಬಗಳೆಲ್ಲ ನೆಲಕ್ಕೆ ಬಿದ್ದವು. ಒಂದು ವಲಯ ನಡೆಸುತ್ತಿದ್ದ ಅಮೆರಿಕದ ಎಇಎಸ್ ಕಂಪನಿ 2001ರಲ್ಲಿ ಕೈತೊಳೆದುಕೊಂಡು ಹೋಯಿತು. ಉಳಿದ ಮೂರು ವಲಯಗಳ ಲೈಸೆನ್ಸ್ 2015ರಲ್ಲಿ ರದ್ದಾಯಿತು. ಈಗ ಟಾಟಾ ಪವರ್ ನಡೆಸುತ್ತಿದೆ.

ಪ್ರತಿ ಪಂಪಿಗೂ ಮೀಟರ್ ಹಾಕಲು ಹೋದರೆ ರೈತರು ಬಿಡುವುದಿಲ್ಲ. ಇವತ್ತು ಮೀಟರ್, ನಾಳೆ ಬಿಲ್ಲು ಅನ್ನುವ ಭಯ. ಅದಕ್ಕೇ ಮೊದಲು ಟಿಸಿಗೆ ಮೀಟರ್ ಹಾಕಿ ಅನ್ನುತ್ತೇನೆ ನಾನು, ಯಾವ ರೈತನಿಗೂ ಬಿಲ್ಲು ಹಾಕದೆ ಅದರ ಕೆಳಗಿನ ಪಂಪುಗಳ ಒಟ್ಟು ಬಳಕೆ ಗೊತ್ತಾಗುತ್ತದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಫೀಡರ್ (ಸಬ್‌ಸ್ಟೇಷನ್ನಿನಿಂದ ಬರುವ ಲೈನು), ಪಂಪಿನ ಫೀಡರ್ ಬೇರೆ ಮಾಡಿರುವ ಕಡೆ ಈ ಕೆಲಸ ಇನ್ನೂ ಸುಲಭ.

ದರ ಏರಿಸುವ ಮುಂಚೆ ಕೆಇಆರ್‌ಸಿ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಗ್ರಾಹಕರು ಆಕ್ಷೇಪಣೆ ಹಾಕಬಹುದು. ನೀವು ಹಾಕುವುದಾದರೆ ಐಪಿ ಸೆಟ್ ಬಳಕೆಯ ಅಂದಾಜು ಎಲ್ಲಿಂದ ಬಂತು ಅಂತ ಮೊದಲು ಕೇಳಿ.