ಬರೀ ಹನಿ ಹಾಕಿ ಕಣ್ಣು ಕೊಯ್ತಾರಾ?

ಓದುಗರ ಪತ್ರ: ಸಂಪಾದಕರಿಗೆ ನಮಸ್ಕಾರ. ನಮ್ಮ ಅಮ್ಮನಿಗೆ 72 ವರ್ಷ. ಎಂಟು ವರ್ಷದ ಹಿಂದೆ ಒಂದು ಶಿಬಿರದಲ್ಲಿ ಎಡಗಣ್ಣಿನ ಪೊರೆ ತೆಗೆಸಿದ್ದೆವು. ಆಗ ಕಣ್ಣಿನ ಕೆಳಗೆ ಇಂಜೆಕ್ಷನ್ ಕೊಟ್ಟು, ಮೇಲಿಂದ ಹತ್ತು ನಿಮಿಷ ಒತ್ತಿ ಹಿಡಿದಿದ್ದರಂತೆ. ಆ ಭಯ ಇನ್ನೂ ಹೋಗಿಲ್ಲ. ಈಗ ಬಲಗಣ್ಣಿನ ಸರದಿ. ಈ ಸಲದ ಡಾಕ್ಟರು "ಇಂಜೆಕ್ಷನ್ ಬೇಡ, ಡ್ರಾಪ್ಸ್ ಸಾಕು" ಅಂದಿದ್ದಾರೆ. ಅಮ್ಮ "ಬರೀ ಹನಿ ಹಾಕಿ ಕಣ್ಣು ಕೊಯ್ತಾರಾ? ನನ್ನನ್ನು ಪೂರ್ತಿ ಮಲಗಿಸಿಬಿಡಲಿ" ಎಂದು ಹಟ ಹಿಡಿದಿದ್ದಾರೆ. ಪಕ್ಕದ ಮನೆಯ ಹುಡುಗನ ಮೆಳ್ಳೆಗಣ್ಣಿನ ಆಪರೇಷನ್‌ಗೆ ಪೂರ್ತಿ ಅನಸ್ತೇಸಿಯಾನೇ ಕೊಟ್ಟಿದ್ದರು. ಎಲ್ಲ ಕಣ್ಣೇ ಆದಮೇಲೆ ಮೂರು ಥರ ಯಾಕೆ? ಇನ್ನೊಂದು ಪ್ರಶ್ನೆ: ಗುಡ್ಡೆಯನ್ನು ಹೊರಗೆ ತೆಗೆದಿಟ್ಟು ತೊಳೆಯುತ್ತಾರೆ ಅಂತ ನಮ್ಮೂರಲ್ಲಿ ಎಲ್ಲರೂ ಹೇಳುತ್ತಾರೆ. ನಿಜವೇ?
— ಓದುಗಿಯೊಬ್ಬರು, ಶಿರಸಿ ಕಡೆಯಿಂದ

ಸಂಪಾದಕರ ಉತ್ತರ:

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದನ್ನು ಓದಿ ನಗು ಬಂತು, ನಮ್ಮಜ್ಜಿಯ ನೆನಪೂ ಬಂತು. "ಗುಡ್ಡೆ ಕಿತ್ತು ಕೆನ್ನೆ ಮೇಲಿಟ್ರು, ಹತ್ತೀಲಿ ಒರೆಸಿ ವಾಪಸ್ ಕೂರಿಸಿದ್ರು" ಅಂತ ಅಜ್ಜಿ ಸಾಯೋತನಕ ಹೇಳುತ್ತಿದ್ದರು. ಪೊರೆಯ ಆಪರೇಷನ್‌ನಲ್ಲಿ ಯಾರೂ ಗುಡ್ಡೆ ಕೀಳುವುದಿಲ್ಲ. ಗುಡ್ಡೆ ಒಂದು ನೆಲ್ಲಿಕಾಯಿಯಷ್ಟು, ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್. ಅದನ್ನು ಆರು ಸ್ನಾಯುಗಳು ಹಗ್ಗ ಕಟ್ಟಿದ ಹಾಗೆ ಹಿಡಿದಿವೆ. ಹಿಂದುಗಡೆ ದೃಷ್ಟಿಯ ನರ ಮಿದುಳಿಗೆ ಹೋಗುತ್ತದೆ. ಇದನ್ನೆಲ್ಲ ಬಿಚ್ಚಿ ಮತ್ತೆ ಕಟ್ಟೋಕೆ ಆಗಲ್ಲ. ಪೊರೆ ಬರುವುದು ಪಾಪೆಯ ಹಿಂದೆಯೇ ಇರುವ ಲೆನ್ಸಿಗೆ. ಅಲ್ಲಿಗೆ ಮುಂದಿನ ಬಾಗಿಲಿನಿಂದಲೇ ಹೋಗಬಹುದು.

ಹಾಗಾದರೆ ಅಜ್ಜಿ ಸುಳ್ಳು ಹೇಳಿದರಾ? ಇಲ್ಲ ಅನ್ನಿಸುತ್ತದೆ. ಗುಡ್ಡೆಯ ಹಿಂದಕ್ಕೆ ಇಂಜೆಕ್ಷನ್ ಕೊಟ್ಟಾಗ ನೋವಿನ ನರ ಒಂದೇ ಅಲ್ಲ, ಕಣ್ಣು ಹೊರಳಿಸುವ ನರಗಳೂ ಜೋಮು ಹಿಡಿಯುತ್ತವೆ. ಎಷ್ಟೋ ಸಲ ದೃಷ್ಟಿಯ ನರವೂ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ನೋವಿಲ್ಲ, ಹೊರಳುವುದಿಲ್ಲ, ಕಾಣುವುದೂ ಇಲ್ಲ. ಆ ಜಾಗದಲ್ಲಿ ಕಣ್ಣೇ ಇಲ್ಲ ಅನ್ನಿಸಿದರೆ ಆಶ್ಚರ್ಯವಿಲ್ಲ, ಅಲ್ವಾ? ಕೆನ್ನೆಯ ಕಥೆ ಅಲ್ಲಿಂದಲೇ ಹುಟ್ಟಿರಬೇಕು ಎಂಬುದು ನನ್ನ ಊಹೆ.

ಈಗ ಹನಿಯ ವಿಚಾರ. ಕಣ್ಣಿನ ಕಪ್ಪುಭಾಗದ ಮೇಲೆ ಗಾಜಿನಂಥ ಪದರ ಒಂದಿದೆ, ಕಾರ್ನಿಯಾ. ದಪ್ಪ ಅರ್ಧ ಮಿಲಿಮೀಟರ್ ಆಸುಪಾಸು. ಅದರಲ್ಲಿ ರಕ್ತನಾಳ ಇಲ್ಲ, ಆದರೆ ನೋವಿನ ನರಗಳು ಕಿಕ್ಕಿರಿದು ತುಂಬಿವೆ. ಅದಕ್ಕೇ ಒಂದು ಕಣ ಧೂಳು ಬಿದ್ದರೂ ಜೀವ ಹೋದ ಹಾಗೆ ಆಗುತ್ತದೆ. ಆ ನರದ ತುದಿಗಳು ಮೇಲ್ಮೈಯಲ್ಲೇ ಇರುವುದರಿಂದ ನಾಲ್ಕು ಹನಿ ಔಷಧಿಗೆ ಸಿಕ್ಕಿಬಿಡುತ್ತವೆ. ಇನ್ನು ಒಳಗೆ ಕೂತ ಲೆನ್ಸ್, ಅಂದರೆ ಡಾಕ್ಟರು ಒಡೆದು ತೆಗೆಯುವ ವಸ್ತು, ಅದಕ್ಕೆ ನರವೇ ಇಲ್ಲ. ಕೂದಲಿಗೆ ಕತ್ತರಿ ಹಾಕಿದ ಹಾಗೆ. ನಡುವೆ ಇರುವ ಪಾಪೆಯ ಪರದೆಗೆ, ಅಂದರೆ ಪಾಪೆಯ ಸುತ್ತಲಿನ ಬಣ್ಣದ ಭಾಗಕ್ಕೆ (ಐರಿಸ್) ಮಾತ್ರ ನೋವು ಗೊತ್ತಾಗುತ್ತದೆ. ಅದಕ್ಕೆ ಬೇಕಾದರೆ ಮರಗಟ್ಟಿಸುವ ಔಷಧಿಯನ್ನು ಚೂರೇ ಚೂರು ಕಣ್ಣಿನೊಳಕ್ಕೂ ಬಿಡುತ್ತಾರೆ. ಯಂತ್ರದಿಂದ ಪೊರೆ ಕರಗಿಸಿ ಹೀರುವ ಫೇಕೋ ವಿಧಾನದಲ್ಲಿ ಕೊಯ್ಯುವ ಬಾಯಿ 3 ಮಿಲಿಮೀಟರಿಗಿಂತ ಚಿಕ್ಕದು. ಹೊಲಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಅಷ್ಟಕ್ಕೆ ಹನಿ ಸಾಕು.

ಎಂಟು ವರ್ಷದ ಹಿಂದೆ ಅಮ್ಮನಿಗೆ ಆದದ್ದು ಬಹುಶಃ ಕೈಯಲ್ಲೇ ಪೊರೆ ಹೊರತೆಗೆಯುವ ವಿಧಾನ. ಅದರಲ್ಲಿ ಬಾಯಿ 6-7 ಮಿಲಿಮೀಟರ್ ಇರುತ್ತದೆ, ಕಣ್ಣನ್ನು ಜಾಸ್ತಿ ಎಳೆದಾಡಬೇಕು, ಹಾಗಾಗಿ ಇಂಜೆಕ್ಷನ್ನೇ ರೂಢಿ. ಅದು ಕಳಪೆ ವಿಧಾನ ಅಂತ ತಿಳಿಯಬೇಡಿ. ಚೆನ್ನಾಗಿ ಬಲಿತ ಗಟ್ಟಿ ಪೊರೆಗೆ ಈಗಲೂ ಅನೇಕ ಡಾಕ್ಟರು ಅದನ್ನೇ ಆರಿಸುತ್ತಾರೆ. ಒತ್ತಿ ಹಿಡಿದದ್ದೂ ಸುಮ್ನೆ ಅಲ್ಲ. ಕಣ್ಣಿನ ಗೂಡು 30 ಎಂಎಲ್‌ನಷ್ಟು ಜಾಗ. ಗುಡ್ಡೆಗೆ ಬೇಕಾದದ್ದು 7 ಎಂಎಲ್. ಉಳಿದ ಕಡೆಯೆಲ್ಲ ಕೊಬ್ಬು, ಸ್ನಾಯು, ನರ. ಅದರ ಮಧ್ಯೆ ಐದಾರು ಎಂಎಲ್ ಔಷಧಿ ತುರುಕಿದರೆ ಗುಡ್ಡೆಯ ಮೇಲೆ ಒತ್ತಡ ಬೀಳುತ್ತದೆ. ಮೇಲಿಂದ ಹದವಾಗಿ ಒತ್ತಿದರೆ ಔಷಧಿ ಹರಡುತ್ತದೆ, ಒತ್ತಡ ಇಳಿಯುತ್ತದೆ. ಕೆಲವು ಕಡೆ ಇದಕ್ಕೆ ರಬ್ಬರ್ ಚೆಂಡು ಕಟ್ಟುವುದೂ ಉಂಟು.

ಸೂಜಿಯ ಅಪಾಯವನ್ನೂ ಮುಚ್ಚಿಡುವುದಿಲ್ಲ. ಅಪರೂಪಕ್ಕೆ ಗುಡ್ಡೆಗೇ ಚುಚ್ಚಬಹುದು, ಹಿಂದೆ ರಕ್ತ ಕಟ್ಟಬಹುದು. ಔಷಧಿ ದೃಷ್ಟಿನರದ ಕವಚದೊಳಗೆ ಹೊಕ್ಕು ಮಿದುಳಿನ ಬುಡಕ್ಕೆ ಹೋದರೆ ಉಸಿರೇ ನಿಲ್ಲಬಹುದು. ಅದಕ್ಕೇ ಇಂಜೆಕ್ಷನ್ ಕೊಡುವ ಕಡೆ ಉಸಿರು ನೋಡಿಕೊಳ್ಳಲು ಜನ, ಸಲಕರಣೆ ಎರಡೂ ಇರಬೇಕು. ಹಿಂದೆ ರೋಗಿಗೆ "ಮೇಲೆ, ಮೂಗಿನ ಕಡೆ ನೋಡಿ" ಅನ್ನುತ್ತಿದ್ದರು. ಹಾಗೆ ನೋಡಿದಾಗ ದೃಷ್ಟಿನರ ಸರಿಯಾಗಿ ಸೂಜಿಯ ದಾರಿಗೇ ಬರುತ್ತದೆ ಎಂದು ಆಮೇಲೆ ಗೊತ್ತಾಯಿತು. ಈಗ "ನೇರ ನೋಡಿ" ಅನ್ನುತ್ತಾರೆ. ಸೂಜಿಯೂ 38 ಮಿಲಿಮೀಟರ್‌ನಿಂದ 25ಕ್ಕೆ ಇಳಿದಿದೆ. ಜಾಸ್ತಿ ಮೈನಸ್ ಪವರ್ ಕನ್ನಡಕ ಹಾಕುವವರ ಗುಡ್ಡೆ ಉದ್ದ ಇರುತ್ತದೆ, ಅವರಿಗೆ ಚುಚ್ಚುವ ಭಯ ಹೆಚ್ಚು. ಹಳೇ ಕನ್ನಡಕದ ನಂಬರ್ ಎಷ್ಟಿತ್ತು ಅಂತ ಡಾಕ್ಟರಿಗೆ ಹೇಳುವುದು ಇದಕ್ಕಾಗಿ. ಇಂಥವರಿಗೆ ಮೊನೆಯಿಲ್ಲದ ಬಾಗಿದ ನಳಿಕೆಯಿಂದ ಗುಡ್ಡೆಯ ಸುತ್ತಲಿನ ತೆಳು ಹೊದಿಕೆಯ ಕೆಳಗೆ ಔಷಧಿ ಬಿಡುವ ದಾರಿಯೂ ಇದೆ.

ಇನ್ನು "ಪೂರ್ತಿ ಮಲಗಿಸಿಬಿಡಲಿ" ಅನ್ನುವ ಹಟ. ಅಮ್ಮನಿಗೆ ಒಂದು ಹಳೇ ಕಥೆ ಹೇಳಿ. 1884ಕ್ಕೆ ಮುಂಚೆ ಕಣ್ಣು ಕೊಯ್ಯುವಾಗ ಎರಡೇ ದಾರಿ. ಒಂದು, ಎಚ್ಚರವಿರುವಾಗಲೇ ಹಿಡಿದುಕೊಂಡು ಕೊಯ್ಯುವುದು. ಇನ್ನೊಂದು, ಈಥರೋ ಕ್ಲೋರೋಫಾರ್ಮೋ ಕೊಟ್ಟು ಮಲಗಿಸುವುದು. ಮಲಗಿಸಿದರೆ ಎದ್ದಮೇಲೆ ವಾಂತಿ, ಕೆಮ್ಮು. ಒಂದು ಸಲ ಜೋರಾಗಿ ಓಕರಿಸಿದರೆ ಕೊಯ್ದ ಗಾಯದಿಂದ ಕಣ್ಣಿನೊಳಗಿನದು ಹೊರಗೆ ಬರುತ್ತಿತ್ತು. ಆಗ ವಿಯೆನ್ನಾದ ಆಸ್ಪತ್ರೆಯಲ್ಲಿ ಕಾರ್ಲ್ ಕೋಲರ್ ಎಂಬ ಎಳೆಯ ಡಾಕ್ಟರು ಇದ್ದರು, ಮುಂದೆ ಮನೋವಿಶ್ಲೇಷಣೆಗೆ ಹೆಸರಾದ ಸಿಗ್ಮಂಡ್ ಫ್ರಾಯ್ಡ್ ಅವರ ಸ್ನೇಹಿತ. ಕೊಕೇನ್ ನಾಲಿಗೆಯನ್ನು ಮರಗಟ್ಟಿಸುತ್ತದೆ ಎಂಬುದು ಗೊತ್ತಿದ್ದ ವಿಷಯವೇ. ಕೋಲರ್ ಅದರ ದ್ರಾವಣವನ್ನು ಕಪ್ಪೆಯ ಕಣ್ಣಿಗೆ ಬಿಟ್ಟು ನೋಡಿದರು. ಆಮೇಲೆ ಬೇರೆ ಪ್ರಾಣಿಗಳ ಕಣ್ಣಿಗೆ, ಕೊನೆಗೆ ತಮ್ಮದೇ ಕಣ್ಣಿಗೆ. ಕನ್ನಡಿ ಮುಂದೆ ನಿಂತು ಗುಂಡುಪಿನ್ನಿನ ತಲೆಯಿಂದ ಕಾರ್ನಿಯಾ ಮುಟ್ಟಿಕೊಂಡರು. ಏನೂ ಗೊತ್ತಾಗಲಿಲ್ಲ. ಸೆಪ್ಟೆಂಬರ್ 15ರಂದು ಜರ್ಮನಿಯ ಹೈಡೆಲ್‌ಬರ್ಗ್‌ನ ಕಣ್ಣಿನ ಡಾಕ್ಟರ ಸಭೆಯಲ್ಲಿ ಇದನ್ನು ಹೇಳಬೇಕಿತ್ತು. ಅಲ್ಲಿಗೆ ಹೋಗಲು ಕೋಲರ್ ಕೈಯಲ್ಲಿ ದುಡ್ಡಿರಲಿಲ್ಲ. ಬೇರೊಬ್ಬರು ಅವರ ಪರವಾಗಿ ಓದಿದರು. ಮನುಷ್ಯರಿಗೆ ಬರೀ ಬೇಕಾದ ಜಾಗವನ್ನಷ್ಟೇ ಮರಗಟ್ಟಿಸಿ ಆಪರೇಷನ್ ಮಾಡುವ ಕಾಲ ಶುರುವಾದದ್ದೇ ಕಣ್ಣಿಗೆ ಹಾಕಿದ ಹನಿಯಿಂದ. ಅಂದರೆ ಈ ಡ್ರಾಪ್ಸ್ ಹೊಸ ಪ್ರಯೋಗ ಅಲ್ಲ, 140 ವರ್ಷ ಹಳೆಯದು. ಔಷಧಿ ಮಾತ್ರ ಬದಲಾಗಿದೆ. ಈಗ ಕೊಕೇನ್ ಅಲ್ಲ.

ನಮ್ಮ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಪೊರೆ ಆಪರೇಷನ್ ಮಾಡಿದ್ದು ನಿಮಗೆ ಗೊತ್ತಿರಬಹುದು. ಒಬ್ಬೊಬ್ಬರನ್ನೇ ಪೂರ್ತಿ ಮಲಗಿಸಿ ಎಬ್ಬಿಸುತ್ತ ಕೂತಿದ್ದರೆ ಅದು ಆಗುವ ಮಾತೇ?

ಪಕ್ಕದ ಮನೆಯ ಹುಡುಗನ ಲೆಕ್ಕ ಬೇರೆ. ಮಕ್ಕಳು ಅಲುಗಾಡದೆ ಮಲಗುವುದಿಲ್ಲ, ಅದು ಒಂದು. ಮೆಳ್ಳೆಗಣ್ಣಿಗೆ ಆಪರೇಷನ್ ಆಗುವುದೇ ಗುಡ್ಡೆಯ ಸ್ನಾಯುಗಳಿಗೆ, ಅದು ಇನ್ನೊಂದು. ಅಲ್ಲೊಂದು ವಿಚಿತ್ರ ಇದೆ. ಕಣ್ಣಿನ ಸ್ನಾಯು ಎಳೆದರೆ ಹೃದಯದ ಬಡಿತ ಇಳಿಯುತ್ತದೆ, ಮಕ್ಕಳಲ್ಲಿ ಜಾಸ್ತಿ. ಎಳೆತದ ಸುದ್ದಿ ಮುಖದ ಸ್ಪರ್ಶ, ನೋವು ತಿಳಿಸುವ ನರದ (ಟ್ರೈಜೆಮಿನಲ್) ದಾರಿಯಲ್ಲಿ ಮಿದುಳಿಗೆ ಹೋಗಿ, ಅಲ್ಲಿಂದ ಹೃದಯವನ್ನು ನಿಧಾನ ಮಾಡುವ ನರಕ್ಕೆ ಮುಟ್ಟುತ್ತದೆ. ಸರ್ಜನ್ ಕೊಕ್ಕೆ ಹಾಕಿ ಎಳೆಯುತ್ತಿರುವಾಗ ಮಾನಿಟರಿನ ಟಿಕ್ ಟಿಕ್ ನಿಧಾನವಾಗುತ್ತದೆ. ಅನಸ್ತೇಸಿಯಾ ಡಾಕ್ಟರು "ಬಿಡಿ" ಅನ್ನುತ್ತಾರೆ. ಕೊಕ್ಕೆ ಸಡಿಲ ಮಾಡಿದ ಕೂಡಲೇ ಬಡಿತ ಸಾಮಾನ್ಯವಾಗಿ ಮೇಲೆ ಬರುತ್ತದೆ. ಬಾರದಿದ್ದರೆ ಬಡಿತ ಏರಿಸುವ ಔಷಧಿ ಅಟ್ರೋಪಿನ್ ಇದೆ. ಇದನ್ನು 1908ರಿಂದಲೂ ಬಲ್ಲರು. ದೀಪಾವಳಿಯಲ್ಲಿ ಪಟಾಕಿ ಸಿಡಿದು ಗುಡ್ಡೆ ಒಡೆದವರಿಗೂ ಪೂರ್ತಿ ಅನಸ್ತೇಸಿಯಾನೇ ರೂಢಿ. ಒಡೆದ ಗುಡ್ಡೆಯ ಹಿಂದೆ ಔಷಧಿ ತುಂಬಿದರೆ ಒಳಗಿನದೆಲ್ಲ ಹೊರಗೆ ನೂಕಿದ ಹಾಗಾಗುತ್ತದೆ.

ನೋಡಿ, ಇಲ್ಲಿ ನೋವಿಗಿಂತ ಅಲುಗಾಟದ ಚಿಂತೆಯೇ ದೊಡ್ಡದು. ಹೋದ ವರ್ಷ ನನಗೇ ಹನಿ ಹಾಕಿ ಪೊರೆ ತೆಗೆದರು. ಮುಖದ ಮೇಲೆ ಬಟ್ಟೆ, ಒಳಗೆ ಆಮ್ಲಜನಕದ ಸಣ್ಣ ಕೊಳವೆ, ರೆಪ್ಪೆಗೆ ಕ್ಲಿಪ್ಪು. ಕ್ಲಿಪ್ಪೇ ಸ್ವಲ್ಪ ಹಿಂಸೆ. ಆಮೇಲೆ ಎಣ್ಣೆದೀಪವನ್ನು ನೀರಿನೊಳಗಿಂದ ನೋಡಿದ ಹಾಗೆ ಬೆಳಕು ಅಲ್ಲಾಡಿತು, ತಣ್ಣಗೆ ನೀರು ಹರಿಯಿತು, ಯಂತ್ರ ಗುಂಯ್ ಅಂದಿತು. ನೋವಿಲ್ಲ, ಆಗಾಗ ಏನೋ ಒತ್ತಿದ ಹಾಗೆ ಅಷ್ಟೇ. ಮಧ್ಯದಲ್ಲಿ ಗಂಟಲು ಕೆರೆಯಿತು. "ಡಾಕ್ಟ್ರೇ, ಕೆಮ್ಮು ಬರ್ತಿದೆ" ಅಂದೆ. "ತಡೀರಿ, ಸಾಮಾನು ಹೊರಗೆ ತೆಗೀತೀನಿ, ಆಮೇಲೆ ಕೆಮ್ಮಿ" ಅಂದರು. ಕೆಮ್ಮಿದೆ. ಮುಂದುವರಿಸಿದರು. ನನಗೆ ಸಿಟ್ಟು ಬಂದದ್ದು ಇನ್ನೊಂದಕ್ಕೆ. ಒಪ್ಪಿಗೆ ಪತ್ರ ಪೂರ್ತಿ ಇಂಗ್ಲಿಷಿನಲ್ಲಿತ್ತು. ಯಾವ ಅನಸ್ತೇಸಿಯಾ ಅಂತ ಕೇಳಿದರೆ ಕೌಂಟರಿನ ಹುಡುಗಿ "ಎಲ್ಲರಿಗೂ ಇದೇ ಸಾರ್" ಅಂದಳು.

ಎಲ್ಲರಿಗೂ ಇದೇ ಅಲ್ಲ. ಅಮ್ಮನಿಗೆ ಕಿವಿ ಸರಿಯಾಗಿ ಕೇಳುತ್ತದಾ, ಅಂಗಾತ ಮಲಗಿದರೆ ಉಸಿರು ಕಟ್ಟುತ್ತದಾ, ತಲೆ ನಡುಗುತ್ತದಾ, ಅದನ್ನೆಲ್ಲ ಮೊದಲೇ ಹೇಳಿ. ಹನಿಯಲ್ಲಿ ಕಣ್ಣು ಹೊರಳುತ್ತಲೇ ಇರುತ್ತದೆ. "ಬೆಳಕು ನೋಡಿ" ಅಂದದ್ದು ಅವರಿಗೆ ಅರ್ಥವಾಗಬೇಕು. ಹೊರರಾಜ್ಯದಲ್ಲಿ ಮಗನ ಮನೆಗೆ ಹೋಗಿ ಆಪರೇಷನ್ ಮಾಡಿಸಿಕೊಳ್ಳುವ ನಮ್ಮ ಅಜ್ಜಿಯರಿಗೆ ಇದೇ ತೊಡಕು. ಡಾಕ್ಟರಿಗೆ ಒಂದೆರಡು ಕನ್ನಡ ಮಾತು ಬರೆದುಕೊಟ್ಟರೂ ಸಾಕು. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಕೇಳಿ. ಶುಗರ್ ಇದ್ದರೆ ಆ ದಿನ ಬೆಳಿಗ್ಗೆ ತಿಂಡಿ, ಮಾತ್ರೆ ಹೇಗೆ ಅಂತಲೂ ಕೇಳಿ. ಮುಂದೆ ಅಪ್ಪನ ಸರದಿ ಬಂದರೆ, ಪ್ರಾಸ್ಟೇಟಿಗೆ ಟಾಮ್ಸುಲೋಸಿನ್ ನುಂಗುತ್ತಿದ್ದರೆ ಅದನ್ನು ತಪ್ಪದೆ ಹೇಳಿ. ಆ ಮಾತ್ರೆಯಿಂದ ಪಾಪೆಯ ಪರದೆ ಸಡಿಲವಾಗಿ ಆಪರೇಷನ್ ನಡುವೆ ಪಟಪಟ ಬಡಿದುಕೊಳ್ಳುತ್ತದೆ. ಮೊದಲೇ ಗೊತ್ತಿದ್ದರೆ ಡಾಕ್ಟರು ತಯಾರಿ ಮಾಡಿಕೊಳ್ಳುತ್ತಾರೆ.

ಈ ವಾರ ಒಂದು ಕೆಲಸ ಮಾಡಿ. ಮಧ್ಯಾಹ್ನ ಊಟ ಕರಗಿದ ಮೇಲೆ ಅಮ್ಮನನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ, ಮೂಗು, ಬಾಯಿ ಬಿಟ್ಟು ಹಣೆಯ ಮೇಲೆ ತೆಳ್ಳನೆ ಪಂಚೆ ಹಾಕಿ. ಫ್ಯಾನಿನ ನಡುವಿನ ಬಟ್ಟಲನ್ನು ನೋಡುತ್ತ ಇಪ್ಪತ್ತು ನಿಮಿಷ ಇರಲಿ. ನೀವು ಪಕ್ಕದಲ್ಲಿ ಕೂತು ಮಾತಾಡುತ್ತಿರಿ, ಅವರು ತಲೆ ಅಲ್ಲಾಡಿಸದೆ "ಹೂಂ" ಅನ್ನಲಿ. ಇಷ್ಟು ಆದರೆ ಹನಿ ಸಾಕು ಅಂದ ಡಾಕ್ಟರ ಮಾತಿಗೆ ಒಪ್ಪಬಹುದು. ಐದೇ ನಿಮಿಷಕ್ಕೆ ಎದ್ದು ಕೂತರೆ ಅದನ್ನೂ ಹಾಗೇ ಡಾಕ್ಟರಿಗೆ ಹೇಳಿ. ಆಗ ಅವರು ಭಯ ಕಡಿಮೆಯಾಗಲು ಸ್ವಲ್ಪ ಔಷಧಿಯನ್ನೋ ಇಂಜೆಕ್ಷನ್ನನ್ನೋ ಯೋಚಿಸುತ್ತಾರೆ. ಆಪರೇಷನ್ ಆದಮೇಲೆ ಕೆನ್ನೆಯ ಕಥೆ ಬಗ್ಗೆ ಅಮ್ಮ ಏನಂದರು ಅಂತ ಒಂದು ಸಾಲು ಬರೆಯಿರಿ.